ಸುಖದ ಲೆಕ್ಕ, ಬೊಕ್ಕಸದ ಲೆಕ್ಕ

ಪ್ರಜೆಗಳ ಸುಖವೇ ರಾಜ್ಯದ ಗುರಿಯೆಂಬುದು ನಮಗೆ ಹೊಸ ಮಾತಲ್ಲ. ಕೌಟಿಲ್ಯನೂ ಅದನ್ನು ಬಲ್ಲನು. ಆದರೆ ಸುಖವನ್ನು ಅಳೆಯುವುದೆಂತು? ಅಳತೆಗೆ ಸಿಕ್ಕದುದು ಆಯವ್ಯಯದ ಪಟ್ಟಿಯಲ್ಲಿ ಸೇರದು. ಪಟ್ಟಿಯಲ್ಲಿ ಸೇರದುದಕ್ಕೆ ಹಣವೂ ದೊರೆಯದು. ಆದುದರಿಂದಲೇ ಸರ್ಕಾರಗಳು ರಾಷ್ಟ್ರೀಯ ವರಮಾನವನ್ನು ತಂದು ಸುಖದ ಪೀಠದಲ್ಲಿ ಕುಳ್ಳಿರಿಸಿದುವು. ಆ ಲೆಕ್ಕವನ್ನು ಅಮೆರಿಕದಲ್ಲಿ ರೂಪಿಸಿದ ಸೈಮನ್ ಕುಜ್ನೆಟ್ಸ್ ಪಂಡಿತನೇ, ಜನರ ಕ್ಷೇಮವನ್ನು ಅದರಿಂದ ಊಹಿಸುವುದು ಸಾಧ್ಯವಲ್ಲವೆಂದು 1934ರಲ್ಲಿ ಎಚ್ಚರಿಸಿದ್ದನು. ಲೋಕವು ಅಂಕಿಯನ್ನು ಉಳಿಸಿಕೊಂಡು ಎಚ್ಚರಿಕೆಯನ್ನು ಮರೆಯಿತು.

ಬ್ರಿಟನ್ನಿನ ಅಂಕಿಅಂಶಗಳ ಕಛೇರಿಯು 2011ರಿಂದ ಜನರನ್ನು ನೇರವಾಗಿಯೇ ಕೇಳುತ್ತ ಬಂದಿದೆ: ನಿಮ್ಮ ಬಾಳಿನ ವಿಷಯದಲ್ಲಿ ನಿಮಗೆ ಒಟ್ಟಿನಲ್ಲಿ ಎಷ್ಟು ತೃಪ್ತಿಯುಂಟು? ಸೊನ್ನೆಯಿಂದ 10ರ ವರೆಗೆ ಒಂದು ಅಂಕಿಯನ್ನು ಹೇಳಬೇಕು. ಕೇಳಿದೊಡನೆ ನಗು ಬರುವುದು ಸಹಜವೇ. ಆದರೆ ಸಾವಿರಾರು ಜನರ ಉತ್ತರಗಳನ್ನು ಒಟ್ಟುಗೂಡಿಸಿದಾಗ ಅವು ಆರೋಗ್ಯ, ಉದ್ಯೋಗ, ದಾಂಪತ್ಯಗಳ ಏರಿಳಿತವನ್ನು ಅನುಸರಿಸುತ್ತವೆ. ಕೆಲಸ ಕಳೆದುಕೊಂಡವನ ತೃಪ್ತಿಯು ಅವನ ಸಂಬಳ ನಿಂತುದರಿಂದ ಎಷ್ಟು ಇಳಿಯಬೇಕೋ ಅದಕ್ಕಿಂತಲೂ ಬಹಳ ಹೆಚ್ಚಾಗಿ ಇಳಿಯುವುದು. ಹಳೆಯ ಲೆಕ್ಕದಲ್ಲಿ ಕಾಣುವುದು ಸಂಬಳ ಮಾತ್ರ. ಉಳಿದ ದುಃಖಕ್ಕೆ ಅಲ್ಲಿ ಕಲಮೇ ಇಲ್ಲ.

ಅಲ್ಲಿನ ಖಜಾನೆಯು 2021ರಲ್ಲಿ ಆ ಕಲಮನ್ನು ತೆರೆಯಿತು. ಒಬ್ಬ ಮನುಷ್ಯನ ತೃಪ್ತಿಯು ಒಂದು ವರ್ಷದ ಕಾಲ ಒಂದು ಅಂಕಿಯಷ್ಟು ಏರಿದರೆ, 2019ರ ಬೆಲೆಗಳಲ್ಲಿ ಅದಕ್ಕೆ ಸುಮಾರು 13,000 ಪೌಂಡು ಎಂದು ಎಣಿಸಬಹುದೆಂದಿತು. ಒಂಟಿಯಾಗಿರುವ ನೂರು ಮಂದಿ ವೃದ್ಧರಿಗೆ ಸಂಗಡಿಗರನ್ನು ಒದಗಿಸುವ ಯೋಜನೆಯೊಂದು ಅವರ ತೃಪ್ತಿಯನ್ನು ವರ್ಷದುದ್ದಕ್ಕೂ ಅರ್ಧ ಅಂಕಿ ಏರಿಸಿತೆನ್ನೋಣ. ಅದರ ಬೆಲೆ 6,50,000 ಪೌಂಡು. ಈಗ ಈ ಯೋಜನೆಯನ್ನು, ಪ್ರಯಾಣದ ನಿಮಿಷಗಳನ್ನು ಉಳಿಸುವ ರಸ್ತೆಯೊಡನೆ ಒಂದೇ ತಕ್ಕಡಿಯಲ್ಲಿ ತೂಗಬಹುದು. ಸುಖಕ್ಕೆ ಪೌಂಡಿನ ಬೆಲೆ ಕಟ್ಟುವುದು ನಮಗೂ ಅಷ್ಟು ರುಚಿಸದು. ಆದರೆ ಬೆಲೆ ಕಟ್ಟದಿದ್ದಾಗ ಅದಕ್ಕೆ ದೊರೆತ ಬೆಲೆ ಸೊನ್ನೆ ಎಂಬುದನ್ನು ಮರೆಯಲಾಗದು.

ರಿಚರ್ಡ್ ಲೇಯಾರ್ಡ್ ಎಂಬ ಅರ್ಥಶಾಸ್ತ್ರಜ್ಞನು 2006ರಲ್ಲಿ ಇದೇ ದಾರಿಯಲ್ಲಿ ವಾದಿಸಿದನು. ಖಿನ್ನತೆ, ಕಳವಳಗಳಿಂದ ನರಳುವವರು ಲಕ್ಷಾಂತರ, ಮಾತಿನ ಚಿಕಿತ್ಸೆಯು ಗುಣಕಾರಿ, ಆದರೂ ಅದು ಬಹುಮಂದಿಗೆ ಎಟುಕದು ಎಂದು ಅವನು ತೋರಿಸಿದನು. ಗುಣಹೊಂದಿದವರು ಕೆಲಸಕ್ಕೆ ಮರಳುವುದರಿಂದ ಖರ್ಚೂ ಹಿಂದಿರುಗುವುದೆಂದನು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯವ್ಯವಸ್ಥೆಯಲ್ಲಿ 2008ರಿಂದ ಆ ಚಿಕಿತ್ಸೆ ಹಬ್ಬಿತು. ಒಂದು ಪೌಂಡೂ ಹಿಂದಿರುಗದಿದ್ದರೂ ಅದು ಯೋಗ್ಯವಾದ ಖರ್ಚೆಂದೇ ನಮ್ಮ ಮತ.

ಇಷ್ಟಾದರೂ ಈ ಅಳತೆಯೊಂದನ್ನೇ ನಂಬುವುದು ಅಪಾಯ. ಬಹುಕಾಲ ಬಡತನದಲ್ಲಿ ಬೆಂದವರು ಆಸೆಯನ್ನೇ ಕಿರಿದುಮಾಡಿಕೊಂಡು ತೃಪ್ತಿ ತಾಳುವರೆಂದು ನಮ್ಮ ಅಮರ್ತ್ಯ ಸೇನರು ಆಕ್ಷೇಪಿಸಿದ್ದಾರೆ. ಅರೆಹೊಟ್ಟೆಯ ತಾಯಿ ‘ಏನೂ ಕೊರತೆಯಿಲ್ಲ’ ಎಂದರೆ ಅವಳ ಊಟದ ತಟ್ಟೆಯನ್ನೂ ನೋಡಬೇಡವೇ? ನ್ಯೂಜಿಲೆಂಡು 2019ರಲ್ಲಿ ಕ್ಷೇಮದ ಆಯವ್ಯಯವನ್ನು ಮಂಡಿಸಿ ಮನೋರೋಗ್ಯಕ್ಕೆ 190 ಕೋಟಿ ಡಾಲರುಗಳನ್ನು ತೆಗೆದಿರಿಸಿತು. ಅದಕ್ಕೆ ಹಿಂದಿನ ವರ್ಷವೇ, ಮಕ್ಕಳ ಬಡತನವನ್ನು ತಗ್ಗಿಸುವ ಗುರಿಗಳನ್ನು ಸರ್ಕಾರವು ಅಂಕಿಗಳಲ್ಲಿಯೇ ಪ್ರಕಟಿಸಬೇಕೆಂದು ಕಾನೂನನ್ನೂ ಮಾಡಿತ್ತು.