ತಕ್ಕಡಿ ಹೇಳದ ಲೆಕ್ಕ



ಕೆಲವು ವರ್ಷಗಳ ಹಿಂದೆ ಕೊಟ್ಟಾರದ ನಮ್ಮ ಮಸೀದಿಯಲ್ಲಿ ಎರಡೋ ಮೂರೋ ಕುರ್ಚಿಗಳಿದ್ದವು. ವಯಸ್ಸಾದವರು ಅದರಲ್ಲಿ ಕೂತು ನಮಾಝ್ ಮಾಡುತ್ತಿದ್ದರು. ಈಗ ಕುರ್ಚಿಗಳದ್ದೇ ಒಂದು ಸಾಲಿದೆ; ಅದರಲ್ಲಿ ನನ್ನ ಓರಗೆಯವರೂ ಇದ್ದಾರೆ. ಅನಾರೋಗ್ಯವಿರುವವರಿಗೆ ಶರೀಅತ್ ಕೊಟ್ಟ ರಿಯಾಯಿತಿ ಅದು, ಯಾರೂ ಆಡಿಕೊಳ್ಳಬಾರದು. ಆದರೆ ನಲ್ವತ್ತರಲ್ಲೇ ಸುಜೂದ್‌ನಿಂದ ಏಳಲಾಗದ ಸ್ಥಿತಿ ನಮಗೇಕೆ ಬಂತು? ಈ ಸಲದ ಜುಮುಆ ಪ್ರವಚನದ ವಿಷಯ ಅದೇ ಆಗಿತ್ತು.

ಕಳೆದ ವರ್ಷ ಒಂದು ಆರೋಗ್ಯ ಶಿಬಿರದಲ್ಲಿ ನಾನೂ ತಪಾಸಣೆಗೆ ನಿಂತೆ. ಎತ್ತರ 165 ಸೆಂ.ಮೀ., ತೂಕ 62 ಕಿಲೋ. “ಉಸ್ತಾದರಿಗೆ ಏನೂ ಇರಲಿಕ್ಕಿಲ್ಲ, ತೆಳ್ಳಗಿದ್ದಾರೆ” ಎಂದರು ಪಕ್ಕದವರು. ಆದರೆ ಸೊಂಟದ ಸುತ್ತಳತೆ 94 ಸೆಂ.ಮೀ. ಬಂತು. ಮೂರು ತಿಂಗಳ ಸಕ್ಕರೆಯ ಮಟ್ಟ ತೋರಿಸುವ ಪರೀಕ್ಷೆಯಲ್ಲಿ 6.0. ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೆ.

ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬರುವ ಸಂಖ್ಯೆಯೇ ಬಿಎಂಐ. ಭಾರತೀಯರಿಗೆ ಅದು 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಯುರೋಪಿನವರಿಗೆ ಈ ಗಡಿ 25 ಮತ್ತು 30. ಅಷ್ಟೇ ತೂಕದಲ್ಲಿ ನಮ್ಮವರ ಹೊಟ್ಟೆಯ ಸುತ್ತ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ ಎಂಬುದೇ ಕಾರಣ. ಆದ್ದರಿಂದ ಒಂದು ಟೇಪು ತೆಗೆದುಕೊಂಡು ಸೊಂಟ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, 13.6 ಕೋಟಿ ಜನ ಹೊಸ್ತಿಲಲ್ಲಿದ್ದಾರೆ.

ಹಾಗಾದರೆ ಸಣ್ಣಗಾದರೆ ಸಾಕೇ? 1953ರಲ್ಲಿ ಲಂಡನ್ನಿನ ಡಾ. ಜೆರ್ರಿ ಮಾರಿಸ್ ಎರಡಂತಸ್ತಿನ ಬಸ್ಸುಗಳ ನೌಕರರ ಅಧ್ಯಯನ ಪ್ರಕಟಿಸಿದರು. ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರಿಗಿಂತ ಕೂತೇ ಇರುವ ಡ್ರೈವರರಿಗೆ ಹೃದ್ರೋಗ ಹೆಚ್ಚಿತ್ತು. ಮುಂದೆ ಸಮವಸ್ತ್ರದ ಸೊಂಟದ ಅಳತೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ, ದಪ್ಪವಿರಲಿ ಸಣ್ಣವಿರಲಿ, ಓಡಾಡುವವರೇ ಹೆಚ್ಚು ಸುರಕ್ಷಿತರೆಂದು ಕಂಡಿತು.

ನಮ್ಮ ನೆರೆಯ ಚೆನ್ನೈಯ ಡಾ. ರಾಮಚಂದ್ರನ್ ತಂಡ 2006ರಲ್ಲಿ ಇನ್ನೂ ಸ್ಪಷ್ಟವಾದ ಉತ್ತರ ಕೊಟ್ಟಿತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರು ದಿನಕ್ಕೆ ಅರ್ಧ ಗಂಟೆ ನಡೆದು, ಸಕ್ಕರೆ ಮತ್ತು ಮೈದಾ ಕಡಿಮೆ ಮಾಡಿದರು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಆದರೂ ಸುಮಾರು ಮೂರು ವರ್ಷಗಳಲ್ಲಿ ಕಾಯಿಲೆಗೆ ತುತ್ತಾಗುವ ಅಪಾಯ 28.5 ಶೇಕಡಾ ಕಡಿಮೆಯಾಯಿತು. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ, ಅದಕ್ಕೇ ಈ ಲಾಭ. ಹಾಗೆಂದು ತೂಕ ಲೆಕ್ಕಕ್ಕಿಲ್ಲ ಎನ್ನಬೇಡಿ. ಅತಿ ಭಾರ ಮೊಣಕಾಲು ಸವೆಸುತ್ತದೆ, ರಕ್ತದೊತ್ತಡ ಏರಿಸುತ್ತದೆ, ನಿದ್ದೆಯಲ್ಲಿ ಉಸಿರು ಕಟ್ಟಿಸುತ್ತದೆ.

ಪ್ರವಾದಿ(ಸ)ರು ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದ್ದು ಅಬೂದಾವೂದ್‌ನಲ್ಲಿದೆ. ಮೊದಲ ಸಲ ಆಯಿಶಾ(ರ) ಗೆದ್ದರು. ಮುಂದೆ ಅವರ ಮೈ ತುಂಬಿಕೊಂಡ ಮೇಲೆ ಪ್ರವಾದಿ(ಸ) ಗೆದ್ದರು. ಮೈ ತುಂಬಿತೆಂದು ಓಟ ನಿಲ್ಲಲಿಲ್ಲ. ಮನೆಯ ಹೆಣ್ಣುಮಕ್ಕಳನ್ನು “ದಪ್ಪ” ಎಂದು ಹಂಗಿಸುವವರು, ಅವರಿಗೆ ನಡೆಯಲು ಸಮಯ ಮಾಡಿಕೊಡದ ಗಂಡಂದಿರು ಇದನ್ನು ಗಮನಿಸಲಿ.

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಸೀದಿಗೆ ಸ್ಕೂಟರ್ ಬಿಟ್ಟು ನಡೆದು ಬನ್ನಿ. ಬೆಳಿಗ್ಗೆ ಮಂಗಳಾ ಕ್ರೀಡಾಂಗಣಕ್ಕೆ ಜೋಡಿಯಾಗಿ ಹೋಗಿ. ಮಳೆಗಾಲದಲ್ಲಿ ಮನೆಯ ಮೆಟ್ಟಿಲೇ ಸಾಕು. ಹೊಟ್ಟೆಯ ಮೂರನೇ ಒಂದು ಭಾಗ ಮಾತ್ರ ಅನ್ನಕ್ಕೆ ಎಂಬ ಪ್ರವಾದಿ ಬೋಧನೆ ನಮಗೆಲ್ಲ ಗೊತ್ತು. ಮದುವೆ ಮನೆಯಲ್ಲಿ ಮರೆಯುತ್ತೇವೆ. ಬೇಡವೆಂದ ಅತಿಥಿಯ ತಟ್ಟೆಗೆ ಮತ್ತೆ ಬಿರಿಯಾನಿ ಸುರಿಯುವುದು ಸತ್ಕಾರವಲ್ಲ. ಎದೆನೋವು ಇರುವವರು, ಸಕ್ಕರೆಗೆ ಮದ್ದು ತೆಗೆದುಕೊಳ್ಳುವವರು ವೈದ್ಯರಲ್ಲಿ ಕೇಳಿಯೇ ಶುರುಮಾಡಲಿ.

ಫಜ್ರ್ ಬಳಿಕ ನಾನೂ ನಡೆಯುತ್ತಿದ್ದೇನೆ. ತೂಕ ಇಳಿದದ್ದು ಒಂದೇ ಕಿಲೋ, ಸೊಂಟ ಮೂರು ಸೆಂ.ಮೀ. ಶರೀರ ಅಲ್ಲಾಹನ ಅಮಾನತ್. ಕೊನೆಯ ದಿನದವರೆಗೂ ಹಣೆಯನ್ನು ನೆಲಕ್ಕಿಟ್ಟು ಸುಜೂದ್ ಮಾಡುವ ಶಕ್ತಿಯನ್ನು ಅವನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.