ಕೂದಲು ಬರಲಿಲ್ಲ ಅಂತ ಕುಗ್ಗಬ್ಯಾಡ್ರಿ

ಯಾದಗಿರಿ, ಶಹಾಪುರ, ಸುರಪುರದ ನಾವು ಅನೇಕರು ಕ್ಯಾನ್ಸರ್ ಚಿಕಿತ್ಸೆಗೆ ಕಲಬುರಗಿಯ ಕಿದ್ವಾಯಿ ಆಸ್ಪತ್ರೆಗೆ ಹೋಗುತ್ತೇವೆ. ಅಲ್ಲಿ ಸಲೈನ್ ಹಚ್ಚಿ ಔಷಧಿ ಕೊಡುತ್ತಾರೆ. ಇದಕ್ಕೆ ಕೀಮೋ ಅನ್ನುತ್ತಾರೆ.

ಕ್ಯಾನ್ಸರ್ ಬೇಗ ಬೇಗ ಬೆಳೆಯುತ್ತದೆ. ಬೇಗ ಬೆಳೆಯುವುದನ್ನು ಕೀಮೋ ಕೊಲ್ಲುತ್ತದೆ. ಕೂದಲಿನ ಬೇರೂ ಬೇಗ ಬೆಳೆಯುತ್ತದೆ. ಅದಕ್ಕೇ ಕೂದಲು ಉದುರುತ್ತದೆ. ಕೂದಲಿಗೆ ಹೆದರಿ ಚಿಕಿತ್ಸೆ ಬಿಡಬಾರದು.

ಚಿಕಿತ್ಸೆ ಮುಗಿದ 2-3 ತಿಂಗಳಲ್ಲಿ ಹೆಚ್ಚಿನವರಿಗೆ ಕೂದಲು ಚಿಗುರುತ್ತದೆ. ಕೆಲವರಿಗೆ 6 ತಿಂಗಳಾದರೂ ಸರಿಯಾಗಿ ಬರುವುದಿಲ್ಲ. ತಲೆಗೆ ಕರೆಂಟ್ ಕೊಟ್ಟವರಿಗೂ ಹೀಗಾಗಬಹುದು. ಆಗ ಡಾಕ್ಟರಿಗೆ ತೋರಿಸೋಣ. ಬೇರು ಸತ್ತಿದ್ದರೆ ಯಾವ ಎಣ್ಣೆಯೂ ಕೂದಲು ತರಲಾರದು. ಜಾತ್ರೆಯಲ್ಲಿ ಮಾರುವ ಎಣ್ಣೆಗೆ ರೊಕ್ಕ ಹಾಕೋದು ಬ್ಯಾಡ.

ಕೂದಲು ಬರಲಿಲ್ಲ ಅಂದರೆ ಕ್ಯಾನ್ಸರ್ ತಿರುಗಿ ಬಂತು ಅಂತಲ್ಲ. ಇದು ಅಂಟುರೋಗವೂ ಅಲ್ಲ. ನಮ್ಮ ಕಡೆ ಬಿಸಿಲು ಜೋರು. ಹೊಲಕ್ಕೆ ಹೋಗುವಾಗ ತಲೆಗೆ ಹತ್ತಿ ಬಟ್ಟೆ ಕಟ್ಟಿಕೊಳ್ಳೋಣ.

ಕೆಲವರು "ಬೋಳುತಲಿ ಎದುರು ಬಂದ್ರ ಅಪಶಕುನ" ಅನ್ನುತ್ತಾರೆ. ತಿರುಪತಿಗೆ ಮುಡಿ ಕೊಟ್ಟು ಬಂದವರಿಗೆ ನಾವು ಕೈ ಮುಗಿಯುತ್ತೇವೆ. ಅದೂ ಬೋಳುತಲೆಯೇ ಅಲ್ಲವೇ? ಇವಳು ಜೀವ ಉಳಿಸಿಕೊಂಡು ಬಂದ ಅಕ್ಕ. ಮದುವೆಗೆ, ಕುಬುಸಕ್ಕೆ ಅವಳನ್ನು ಮೊದಲು ಕರೆಯೋಣ. ಆರತಿ ತಟ್ಟೆಯನ್ನು ಅವಳ ಕೈಗೂ ಕೊಡೋಣ.