ಪ್ರಾವಿಡೆನ್ಸ್‌ನಿಂದ ಬಂದ ಕಾಗದಗಳು

1933ರಲ್ಲಿ ಅಮೆರಿಕದ ಮಿಲ್‌ವಾಕೀ ಊರಿನ 16 ವರ್ಷದ ಹುಡುಗ ರಾಬರ್ಟ್ ಬ್ಲಾಕ್ ತನ್ನ ಮೆಚ್ಚಿನ ಕಥೆಗಾರ ಎಚ್. ಪಿ. ಲವ್‌ಕ್ರಾಫ್ಟ್ ಅವರಿಗೆ ಕಾಗದ ಬರೆದ. ನಿಮ್ಮ ಹಳೆಯ ಕಥೆಗಳು ಎಲ್ಲಿ ಸಿಗುತ್ತವೆ ಎಂದು ಕೇಳುವುದಷ್ಟೇ ಅವನಿಗೆ ಬೇಕಿತ್ತು. ರೋಡ್ ಐಲೆಂಡಿನ ಪ್ರಾವಿಡೆನ್ಸ್‌ನಿಂದ ಉತ್ತರ ಬಂತು, ಕಥೆಗಳನ್ನು ತಾವೇ ಎರವಲು ಕಳಿಸುವುದಾಗಿ. ಕೆಲವು ಕಾಗದಗಳಾದ ಮೇಲೆ, ನೀನೂ ಯಾಕೆ ಬರೆಯಬಾರದು, ಬರೆದರೆ ಓದಿ ಹೇಳುತ್ತೇನೆ ಎಂದರು ಲವ್‌ಕ್ರಾಫ್ಟ್.

ಆಗ ಅವರು ನಲವತ್ತು ದಾಟಿದ್ದರು. ಕೈಯಲ್ಲಿ ಕಾಸಿಲ್ಲ. ಬೇರೆಯವರ ಬರಹ ತಿದ್ದಿಕೊಟ್ಟು ಬದುಕುತ್ತಿದ್ದವರು ಎಳೆಯರ ಕಥೆಗಳನ್ನು ಮಾತ್ರ ದುಡ್ಡು ಕೇಳದೆ ಓದಿದರು. ಜನಾಂಗದ ವಿಷಯದಲ್ಲಿ ಅವರು ಬರೆದದ್ದು ಹೇಯವಾದದ್ದು, ಅದನ್ನು ನಾನು ಮುಚ್ಚಿಡಲಾರೆ. ಆದರೆ ಈ ಒಂದು ಕೆಲಸದಲ್ಲಿ ಅವರಿಂದ ಕಲಿಯುವುದಿದೆ.

ಬ್ಲಾಕ್ ಕಳಿಸಿದ ಮೊದಮೊದಲ ಕಥೆಗಳು ತೀರಾ ಕೆಟ್ಟದಾಗಿದ್ದವು. ಮುಂದೆ ಅವನೇ ಹಾಗೆ ಹೇಳಿಕೊಂಡಿದ್ದಾನೆ. ಲವ್‌ಕ್ರಾಫ್ಟ್ ತಪ್ಪು ಹುಡುಕಲು ಹೋಗದೆ ಮೆಚ್ಚಿ ಬರೆದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು ನಾನು. ಒತ್ತಕ್ಷರ ತಪ್ಪಿದ ಕಡೆ ಕೆಂಪು ಶಾಯಿ ಎಷ್ಟು ಬೇಗ ಓಡುತ್ತದೆಂದು ಬಲ್ಲೆ. ನಿವೃತ್ತಿಯಾದ ಮೇಲೂ ಮಕ್ಕಳು ಕಥೆ ಕಳಿಸುತ್ತಾರೆ. ಅವರಲ್ಲಿ ಹೆಚ್ಚಿನವರು ತರಗತಿಯಲ್ಲಿ ಬಾಯಿ ಬಿಡದವರು. ಎದುರಿಗೆ ಕೂತು ಹೇಳಲಾರದ್ದನ್ನು ಕಾಗದದಲ್ಲಿ ಧೈರ್ಯವಾಗಿ ಹೇಳುತ್ತಾರೆ. ಅವರ ಕಥೆಯಲ್ಲಿ ಜೀವವಿರುವ ಒಂದು ಸಾಲನ್ನು ಹುಡುಕಿ, ಅದು ಯಾಕೆ ಹಿಡಿಸಿತು ಎಂದು ಬರೆದ ಮೇಲೆಯೇ ಉಳಿದ ಮಾತು.

ಕಾಗದಕ್ಕೆ ವಯಸ್ಸೂ ಕಾಣುವುದಿಲ್ಲ. ರಾಬರ್ಟ್ ಬಾರ್ಲೋ ಎಂಬ ಇನ್ನೊಬ್ಬ ಹುಡುಗ 1931ರಲ್ಲಿ ಬರೆಯತೊಡಗಿದಾಗ ಅವನಿಗೆ 13 ವರ್ಷ. 1934ರಲ್ಲಿ ಫ್ಲಾರಿಡಾದ ಅವನ ಮನೆಗೆ ಹೋದಾಗಲೇ ಲವ್‌ಕ್ರಾಫ್ಟ್‌ಗೆ ಅದು ಗೊತ್ತಾದದ್ದು. ಅಲ್ಲಿಯವರೆಗೂ ಸಮಾನರೊಂದಿಗೆ ಆಡುವ ಹಾಗೆಯೇ ಅವನೊಡನೆ ಮಾತಾಡಿದ್ದರು.

ಅದೇ ವರ್ಷ, ಹೈಸ್ಕೂಲು ಮುಗಿಸಿದ ಕೆಲವೇ ವಾರಗಳಲ್ಲಿ, ಬ್ಲಾಕ್‌ನ ಕಥೆಯನ್ನು 'ವಿಯರ್ಡ್ ಟೇಲ್ಸ್' ಪತ್ರಿಕೆ ಕೊಂಡಿತು. ಆಮೇಲೆ ಅವನಿಗೆ ಒಂದು ತುಂಟ ಆಸೆ ಬಂತು: ಲವ್‌ಕ್ರಾಫ್ಟ್ ಅವರನ್ನೇ ಹೋಲುವ ಪಾತ್ರವೊಂದನ್ನು ಕಥೆಯಲ್ಲಿ ಕೊಲ್ಲುವುದು. ಅಪ್ಪಣೆ ಕೇಳಿದ. ಅವರು ಕೊಲ್ಲಲು ಬರಹದಲ್ಲೇ ಅನುಮತಿ ಕೊಟ್ಟರು, ಸಾಕ್ಷಿಗಳಾಗಿ ಕಥೆಗಳ ಕಲ್ಪಿತ ವ್ಯಕ್ತಿಗಳ ರುಜು ಹಾಕಿದರು! ಕಥೆ 1935ರಲ್ಲಿ ಅಚ್ಚಾಯಿತು. ಉತ್ತರವಾಗಿ ಲವ್‌ಕ್ರಾಫ್ಟ್ 'ದಿ ಹಾಂಟರ್ ಆಫ್ ದಿ ಡಾರ್ಕ್' ಬರೆದು ಬ್ಲಾಕ್‌ಗೆ ಅರ್ಪಿಸಿದರು. ಅದರಲ್ಲಿ ಮಿಲ್‌ವಾಕೀಯಿಂದ ಬಂದ ರಾಬರ್ಟ್ ಬ್ಲೇಕ್ ಎಂಬ ತರುಣ ಲೇಖಕ ಸಾಯುತ್ತಾನೆ. ಹದಿನೆಂಟರ ಹುಡುಗನ ಬರಹಕ್ಕೆ ಹಿರಿಯನೊಬ್ಬ ಕಥೆಯಲ್ಲೇ ಜವಾಬು ಕೊಡುವುದಕ್ಕಿಂತ ದೊಡ್ಡ ಮನ್ನಣೆ ನನಗಂತೂ ತೋಚುವುದಿಲ್ಲ.

1937ರ ಮಾರ್ಚ್‌ನಲ್ಲಿ ಲವ್‌ಕ್ರಾಫ್ಟ್ ತೀರಿಕೊಂಡರು. ಬ್ಲಾಕ್ ಮತ್ತು ಅವರು ಒಮ್ಮೆಯೂ ಭೇಟಿಯಾಗಿರಲಿಲ್ಲ. 1959ರಲ್ಲಿ 'ಸೈಕೋ' ಬರೆದು, ಮರುವರ್ಷ ಹಿಚ್‌ಕಾಕ್ ಅವರ ಸಿನಿಮಾದಿಂದ ಜಗತ್ತಿಗೆಲ್ಲ ಪರಿಚಿತನಾದವನು ಇದೇ ಬ್ಲಾಕ್. ಅದಕ್ಕೂ ಮೊದಲೇ, 1950ರಲ್ಲಿ, ಅವನು ಆ ಎರಡು ಕಥೆಗಳಿಗೆ ಮೂರನೆಯದೊಂದನ್ನು ಸೇರಿಸಿದ್ದ. ಅದರಲ್ಲಿ ಲವ್‌ಕ್ರಾಫ್ಟ್ ತಮ್ಮ ನಿಜ ಹೆಸರಿನಲ್ಲೇ ಬರುತ್ತಾರೆ.